ಉಪ್ಪುಕಾಗದದ ಸಾಕ್ಷಿ

ಒಳಗೆ ಅಡಗಿಸಿಟ್ಟದ್ದು ಎಂದಾದರೂ ಒಂದು ದಿನ ಹೊರಗೆ ಬಂದೇ ಬರುತ್ತದೆ. ಇದು ಮನುಷ್ಯನಿಗೂ ಸತ್ಯ, ಮನೆತನಕ್ಕೂ ಸತ್ಯ, ಸಾಮ್ರಾಜ್ಯಗಳಿಗೂ ಸತ್ಯ. ನಾನು ಕಂಡ ಮಟ್ಟಿಗೆ ಅದು ಹೆಚ್ಚಾಗಿ ಬಚ್ಚಲುಮನೆಯ ಹಿಂದಿನ ಗೋಡೆಯಲ್ಲಿ, ನೆಲದಿಂದ ಎರಡಡಿ ಎತ್ತರದಲ್ಲಿ, ಗುಳ್ಳೆಯ ರೂಪದಲ್ಲಿ ಬರುತ್ತದೆ.

ಬಣ್ಣದ ಕಂಪನಿಯೊಂದರಲ್ಲಿ ನನ್ನದು ದೂರು ನೋಡುವ ಕೆಲಸವಾಗಿತ್ತು. ಬಣ್ಣ ಮಾರುವವರು ಬೇರೆ, ಬಳಿಯುವವರು ಬೇರೆ, ಜಾಹೀರಾತಿನಲ್ಲಿ ಗೋಡೆಗೆ ಒರಗಿ ನಗುವವರು ಬೇರೆ. ಅವರೆಲ್ಲ ತಮ್ಮ ಪಾಲಿನ ಸಂತೋಷ ಮುಗಿಸಿಕೊಂಡು ಹೋದ ಮೇಲೆ, ಗೋಡೆ ಉಬ್ಬಿಕೊಂಡಿತು ಎಂದು ಯಾರಾದರೂ ಅಂಗಡಿಗೆ ಬಂದು ಕೂಗಿದಾಗ, ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದವನು ನಾನು. ತುಮಕೂರು ನಗರ, ಗುಬ್ಬಿ, ಕುಣಿಗಲ್ಲು ನನ್ನ ಸೀಮೆ. ಈ ಸೀಮೆಯಲ್ಲಿ ಕೆರೆಗಳಿವೆ, ಗುಡಿಗಳಿವೆ, ತೆಂಗಿನ ತೋಟಗಳಿವೆ ಎಂದು ಬಲ್ಲವರು ಹೇಳುತ್ತಾರೆ. ನಾನು ನೋಡಿದ್ದು ಗೋಡೆಗಳನ್ನು ಮಾತ್ರ. ಅದೂ ಒಂದೂವರೆ ಗೇಣಿನ ದೂರದಿಂದ.

ಈ ವಿಷಯದಲ್ಲಿ ನಮ್ಮ ಭಾಷೆ ಬಹಳ ಮುಂದಾಲೋಚನೆ ಮಾಡಿದೆ. ಸುಟ್ಟ ಕೈ ಮೇಲೆ ಏಳುವುದಕ್ಕೂ ಬೊಬ್ಬೆ ಎನ್ನುತ್ತೇವೆ, ಗಂಟಲು ಹರಿಯುವಂತೆ ಕೂಗುವುದಕ್ಕೂ ಬೊಬ್ಬೆ ಎನ್ನುತ್ತೇವೆ. ಮೊದಲನೆಯದು ಗೋಡೆಯ ಮೇಲೆ ಕಂಡ ಅರ್ಧ ಗಂಟೆಯೊಳಗೆ ಎರಡನೆಯದು ಅಂಗಡಿಯ ಮುಂದೆ ಕೇಳುತ್ತದೆ. ಎರಡೂ ಇಳಿಯುವ ತನಕ ನಿಂತಿರುವುದಕ್ಕೆ ನನಗೆ ಸಂಬಳ.

ಗೋಡೆ ಬೊಬ್ಬೆ ಏಳುವುದಕ್ಕೆ ಕಾರಣಗಳೇನೂ ಗಹನವಲ್ಲ. ಬಣ್ಣವೆಂದರೆ ಒಂದು ತೆಳು ಪೊರೆ. ಅದರ ಹಿಂದೆ ನೀರೋ ಗಾಳಿಯೋ ಸಿಕ್ಕಿಕೊಂಡರೆ ಹೊರಗೆ ಬರಲು ದಾರಿ ಹುಡುಕುತ್ತದೆ. ದಾರಿ ಸಿಗದಿದ್ದರೆ ಪೊರೆಯನ್ನೇ ಎತ್ತುತ್ತದೆ. ಶೆಟ್ಟಿಹಳ್ಳಿಯಲ್ಲಿ ಒಬ್ಬರು ಪಡುವಣ ಗೋಡೆಗೆ ಕಡುಗೆಂಪು ಬಣ್ಣವನ್ನು ಬೇಸಿಗೆಯ ಮಟಮಟ ಮಧ್ಯಾಹ್ನ ಬಳಿಸಿದ್ದರು. ಕಾದ ಹೆಂಚಿನ ಮೇಲೆ ದೋಸೆ ಹುಯ್ದ ಹಾಗೆ ಮೇಲ್ಪದರ ಮೊದಲೇ ಒಣಗಿ ಒಳಗಿನದು ಹಸಿಯಾಗಿ ಉಳಿದು ಗೋಡೆ ತುಂಬ ಗುಳ್ಳೆ. ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಮುಹೂರ್ತ. ಕುಣಿಗಲ್ಲಿನಲ್ಲಿ ಒಬ್ಬ ಸಜ್ಜನರು ಹೊಸ ಗೋಡೆಗೆ ದಿನಕ್ಕೆ ಮೂರು ಹೊತ್ತು ನೀರು ಹಾಕಿ, ಮಗುವಿಗೆ ಎರೆದ ಹಾಗೆ ಎರೆದು, ಗೃಹಪ್ರವೇಶ ಹತ್ತಿರ ಬಂತೆಂದು ನೀರು ನಿಲ್ಲಿಸಿದ ಮೂರನೇ ದಿನವೇ ಬಣ್ಣ ಬಳಿಸಿದರು. ಗೋಡೆ ಒಣಗಬೇಕಲ್ಲ ಎಂದರೆ, ಆ ತಿಂಗಳು ಬಿಟ್ಟರೆ ಆಷಾಢ ಎಂದರು. ಪಂಚಾಂಗದಲ್ಲಿ ಎಲ್ಲದಕ್ಕೂ ಜಾಗವಿದೆ, ಗೋಡೆ ಒಣಗುವುದಕ್ಕೆ ಇಲ್ಲ.

ಕಂಪನಿ ನನಗೆ ಒಂದು ಫಾರಂ ಕೊಟ್ಟಿತ್ತು. ಅದರಲ್ಲಿ ಲೋಕದ ಸಮಸ್ತ ದುಃಖಕ್ಕೂ ಮೂರೇ ಮನೆ: ಬಣ್ಣದ ದೋಷ, ಬಳಿದವರ ದೋಷ, ಗೋಡೆಯ ದೋಷ. ಮೊದಲನೇ ಮನೆಗೆ ಗುರುತು ಹಾಕಿದರೆ ಮೇಲಿನವರಿಂದ ಫೋನು ಬರುತ್ತಿತ್ತು. ಆದ್ದರಿಂದ ನನ್ನ ಕಾಲದಲ್ಲಿ ಈ ಮೂರು ಊರುಗಳ ಗೋಡೆಗಳು ಬಹಳ ದೋಷಯುಕ್ತವಾಗಿದ್ದವು.

ಕಾರಣ ಕಂಡುಹಿಡಿಯಲು ಒಂದು ಯಂತ್ರವನ್ನೂ ಕೊಟ್ಟಿದ್ದರು. ಗೋಡೆಗೆ ಚುಚ್ಚಿದರೆ ತೇವ ಎಷ್ಟು ಎಂದು ತೋರಿಸುವ ಯಂತ್ರ. ಅದರ ಬ್ಯಾಟರಿ ಸದಾ ಸತ್ತಿರುತ್ತಿತ್ತು. ಹಾಗಾಗಿ ನಾನು ನನ್ನದೇ ಒಂದು ವಿಧಾನ ಹಿಡಿದೆ. ಗುಳ್ಳೆಯನ್ನು ಬ್ಲೇಡಿನಿಂದ ಕೊಯ್ದು, ಒಳಗಿನ ಹಸಿಯನ್ನು ಬೆರಳಿಗೆ ಹಚ್ಚಿಕೊಂಡು, ನಾಲಿಗೆಯ ತುದಿಗೆ ಮುಟ್ಟಿಸುವುದು. ಸಪ್ಪೆಯಾಗಿದ್ದರೆ ಎಲ್ಲೋ ನಲ್ಲಿಯ ಪೈಪು ಸೋರುತ್ತಿದೆ. ನಾಲಿಗೆ ಚುರ್ರೆಂದರೆ ಹಸಿ ಸಿಮೆಂಟು, ಗೋಡೆ ಇನ್ನೂ ಒಣಗಿಲ್ಲ. ಉಪ್ಪಾಗಿದ್ದರೆ ಉಪ್ಪು. ಇದು ವಿಜ್ಞಾನವೋ ಅಲ್ಲವೋ ತಿಳಿಯದು, ಇದಕ್ಕೆ ಬ್ಯಾಟರಿ ಮಾತ್ರ ಬೇಕಿರಲಿಲ್ಲ. ಊಟಕ್ಕೆ ಕೂತು ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಒಂದು ದಿನ ಹೇಳಿದಾಗ ನನ್ನ ಹೆಂಡತಿ, ಊರ ಗೋಡೆಯೆಲ್ಲ ನೆಕ್ಕಿಕೊಂಡು ಬಂದವರಿಗೆ ಮನೆಯ ಸಾರು ರುಚಿಸುವುದಾದರೂ ಹೇಗೆ ಎಂದಳು. 

ಇಷ್ಟೆಲ್ಲ ಹೇಳಿದ್ದು ಗುಬ್ಬಿಯ ಒಬ್ಬ ಪೇಂಟರ್ ಮೇಸ್ತ್ರಿಯ ವಿಷಯ ಬರೆಯುವುದಕ್ಕೆ.

ನಾನು ನಿವೃತ್ತನಾಗುವುದಕ್ಕೆ ಒಂದು ವರ್ಷವಿತ್ತು. ಮಳೆಗಾಲ. ಮಂಡಿನೋವು ಹೊಸದಾಗಿ ಪರಿಚಯವಾಗಿ, ಹಳೇ ನೆಂಟನ ಹಾಗೆ ಮನೆಯಲ್ಲೇ ಉಳಿದುಕೊಂಡಿತ್ತು. ಚೇಳೂರಿನ ಕಡೆಯ ಒಂದು ಮನೆಯಿಂದ ದೂರು ಬಂದಿದೆ, ನೋಡಿ ಬನ್ನಿ ಎಂದು ಗುಬ್ಬಿಯ ಅಂಗಡಿಯವರು ಹೇಳಿದರು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಆ ಮೇಸ್ತ್ರಿ ನನಗಾಗಿ ಕಾಯುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಮೊದಲೇ ಒಂದೆರಡು ಸಲ ನೋಡಿದ್ದೆ. ಮಾತು ಕಡಿಮೆ, ಬೀಡಿ ಜಾಸ್ತಿ, ಮೂಲೆಗಳನ್ನು ಬಹಳ ನೀಟಾಗಿ ಮುಗಿಸುತ್ತಿದ್ದವರು. ಚೇಳೂರಿನ ಬಸ್ಸು ಹೊರಡುವವರೆಗೆ ಸಿಮೆಂಟಿನ ಬೆಂಚಿನ ಮೇಲೆ ಕೂತು ತಮ್ಮ ಕಥೆ ಹೇಳಿದರು.

ಮನೆಯ ಯಜಮಾನರು ಹಳ್ಳಿಯ ಹಾಲಿನ ಡೈರಿಯ ಸೆಕ್ರೆಟರಿ. ಅವರ ನಡುಮನೆಗೆ ನಾಲ್ಕು ತಿಂಗಳ ಹಿಂದೆ ಈ ಮೇಸ್ತ್ರಿ ಬಣ್ಣ ಬಳಿದಿದ್ದರು. ಅಲ್ಲಿಯ ತನಕ ಆ ಗೋಡೆ ಸುಣ್ಣ ಬಿಟ್ಟು ಬೇರೇನೂ ಕಂಡಿರಲಿಲ್ಲ. ಮಳೆ ಶುರುವಾದದ್ದೇ ತಡ, ಗೋಡೆಯ ಕೆಳಭಾಗದಲ್ಲಿ ಗುಳ್ಳೆಗಳು ಎದ್ದವು. ಸೆಕ್ರೆಟರಿ ಮೇಸ್ತ್ರಿಯನ್ನು ಕರೆಸಿ, ನಾಲ್ಕು ಜನರ ಮುಂದೆ ಒಂದೇ ಪ್ರಶ್ನೆ ಕೇಳಿದರು: ಬಣ್ಣಕ್ಕೆ ನೀರು ಹಾಕಿದೆಯಾ? ಮೇಸ್ತ್ರಿ ಹಾಕಿದೆ ಎಂದರು.

ಇಲ್ಲಿಗೆ ವಿಚಾರಣೆ ಮುಗಿಯಿತು. ದಿನಾ ಬೆಳಿಗ್ಗೆ ಸಂಜೆ ಹಾಲಿನಲ್ಲಿ ನೀರು ಹಿಡಿಯುವುದೇ ಆ ಸೆಕ್ರೆಟರಿಯ ವೃತ್ತಿ. ಅವರ ಮುಂದೆ ಎಷ್ಟೋ ಜನ ನೀರು ಹಾಕಿಲ್ಲ ಎಂದು ಹಸುವಿನ ತಲೆ ಮುಟ್ಟಿ ಆಣೆ ಇಟ್ಟಿದ್ದರು. ಕೇಳಿದ ಕೂಡಲೇ ಹಾಕಿದೆ ಎಂದು ಒಪ್ಪಿಕೊಂಡವನು ಇವನೊಬ್ಬನೇ. ಮುಚ್ಚುಮರೆಯಿಲ್ಲದ ಕಳ್ಳ ಎಂದು ಅವರು ತೀರ್ಮಾನಿಸಿದರು. ವಾಸ್ತವವೇನೆಂದರೆ ಈ ಜಾತಿಯ ಬಣ್ಣಕ್ಕೆ ನೀರು ಬೆರೆಸದೆ ಬಳಿಯಲು ಬರುವುದಿಲ್ಲ. ಎಷ್ಟು ಬೆರೆಸಬೇಕು ಎಂದು ಡಬ್ಬದ ಮೇಲೆಯೇ ಬರೆದಿರುತ್ತದೆ. ಆದರೆ ‘ನೀರು ಹಾಕುವುದು’ ಎಂಬ ಮಾತಿಗೆ ಹಾಲು ಕರೆಯುವ ಊರಿನಲ್ಲಿ ಒಂದೇ ಅರ್ಥ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಊರಿನಲ್ಲಿ ಹೊಸದಾಗಿ ಸಮುದಾಯ ಭವನ ಎದ್ದಿತ್ತು. ಅದರ ಬಣ್ಣದ ಕೆಲಸ ಈ ಮೇಸ್ತ್ರಿಗೇ ಎಂದು ಕಮಿಟಿಯವರು ಬಾಯಿಮಾತಿನಲ್ಲಿ ಹೇಳಿಯಾಗಿತ್ತು. ಸೆಕ್ರೆಟರಿಯೂ ಆ ಕಮಿಟಿಯಲ್ಲಿದ್ದರು. ಭಾನುವಾರ ಸಭೆ. ಇಂಥ ದೊಡ್ಡ ಕೆಲಸ ತಮ್ಮ ವಯಸ್ಸಿನಲ್ಲಿ ಇನ್ನೊಂದು ಬರುವುದಿಲ್ಲ, ಇದೊಂದು ಮುಗಿಸಿ ಸಾರವೆ ಹತ್ತುವುದನ್ನು ಬಿಡುತ್ತೇನೆ ಎಂದು ಮೇಸ್ತ್ರಿ ಅಂದುಕೊಂಡಿದ್ದರಂತೆ. ಈಗ ಕೆಲಸದ ಮಾತು ಹಾಗಿರಲಿ, ಗುಬ್ಬಿಯ ಅಂಗಡಿಗಳಲ್ಲೇ ಅವರಿಗೆ ಹೊಸ ಹೆಸರು ಬಿದ್ದಿತ್ತು.

“ನೀರ್ ಮೇಸ್ತ್ರಿ ಅಂತವ್ರೆ ಸಾರ್. ಟೀ ಅಂಗ್ಡೀಲಿ ಟೀ ಕೊಡೋನೂವೆ, ಮೇಸ್ತ್ರಿಗೆ ನೀರ್ ಜಾಸ್ತಿ ಹಾಕಿ ಕೊಡ್ಲಾ ಅಂತಾನೆ. ನಂಗೆ ಹೊಸ ಡಬ್ಬ ಬ್ಯಾಡ, ಏನೂ ಬ್ಯಾಡ. ಆ ಹೆಸ್ರೊಂದು ತೆಗೀರಿ, ಸಾಕು.”

ಹೆಸರು ತೆಗೆಯುವುದು ನನ್ನ ಫಾರಂನಲ್ಲಿ ಇರಲಿಲ್ಲ. ನೋಡೋಣ ಎಂದೆ. ನೋಡೋಣ ಎನ್ನುವುದು ನನ್ನ ವೃತ್ತಿಯ ಮಂಗಳಾಚರಣೆ.

ಸೆಕ್ರೆಟರಿಗಳದು ಅವರಪ್ಪ ಕಟ್ಟಿಸಿದ ಮನೆ. ನಡುಮನೆ ದೊಡ್ಡದು. ಅದರ ಪಡುವಣ ಗೋಡೆಗೆ ತಿಳಿಹಸಿರು ಬಣ್ಣ. ಆ ಬಣ್ಣದ ಮೇಲೆ ಮೊಣಕಾಲಿನಿಂದ ಸೊಂಟದ ಎತ್ತರದ ತನಕ ಗುಳ್ಳೆಗಳು ಕಡಲೆಕಾಳಿನಿಂದ ಹಿಡಿದು ಅಂಗೈಯಗಲದವರೆಗೆ ಎಲ್ಲ ಅಳತೆಗಳಲ್ಲಿ ಎದ್ದಿದ್ದವು. ನಾನು ನೋಡಿದವುಗಳಲ್ಲಿ ಒಳ್ಳೆಯ ದರ್ಜೆಯವು ಎನ್ನಬೇಕು. ಸೆಕ್ರೆಟರಿ ಐವತ್ತರ ಆಸುಪಾಸಿನ, ಇಸ್ತ್ರಿ ಅಂಗಿಯ, ಶಿಸ್ತಿನ ಮನುಷ್ಯ. ಕೂರಲು ಕುರ್ಚಿ ಹಾಕಿಸಿದರು. ಮೇಸ್ತ್ರಿಗೆ ಕೂರು ಎನ್ನಲಿಲ್ಲ. ಮೇಸ್ತ್ರಿ ಬಾಗಿಲ ಹತ್ತಿರ, ತಾವೇ ಬಳಿದ ಗೋಡೆಗೆ ಬೆನ್ನು ತಾಗದ ಹಾಗೆ ನಿಂತರು.

“ಇದ್ರಲ್ಲಿ ನೋಡೋದ್ ಏನೈತೆ ಸಾರ್? ಅವ್ನೇ ಒಪ್ಕೊಂಡವ್ನೆ.”

ನಾನು ಉಳಿದಿದ್ದ ಬಣ್ಣದ ಡಬ್ಬ ತರಿಸಿ, ಕನ್ನಡಕ ಏರಿಸಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಕನ್ನಡಕ್ಕೆ ತಿರುಗಿಸಿ ಓದಿದೆ: ಬಳಿಯುವ ಮುನ್ನ ಇಷ್ಟಕ್ಕೆ ಇಷ್ಟು ನೀರು ಬೆರೆಸತಕ್ಕದ್ದು. ಸೆಕ್ರೆಟರಿ ನಿಜಕ್ಕೂ ಆಘಾತಗೊಂಡರು. ಡಬ್ಬವನ್ನು ತಮ್ಮ ಕೈಗೆ ತೆಗೆದುಕೊಂಡು ಆ ಸಾಲನ್ನು ಬೆರಳಿಟ್ಟು ನೋಡಿದರು.

“ಕಂಪ್ನಿಯೋರೇ ನೀರ್ ಹಾಕಿ ಅಂತ ಬರೆದವ್ರಾ? ಹಂಗಾರೆ ಅವ್ರೂ ಇವ್ನ ಕಡೇರೇ.”

ಕಡೆ ಯಾವುದಾದರೂ ಆಗಲಿ, ಅಳತೆ ನೋಡೋಣ ಎಂದೆ. ಆಗ ಅವರೇ ಒಳಗೆ ಹೋಗಿ ಡೈರಿಯ ಲ್ಯಾಕ್ಟೋಮೀಟರ್ ತಂದರು. ಹಾಲಿನಲ್ಲಿ ಬಿಟ್ಟರೆ ನೀರು ಬೆರೆತಿದೆಯೋ ಇಲ್ಲವೋ ತೋರಿಸುವ ಗಾಜಿನ ಕಡ್ಡಿ ಅದು; ನೀರು ಹೆಚ್ಚಾದಷ್ಟೂ ಕೆಳಕ್ಕೆ ಮುಳುಗುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದರು. ಬ್ಯಾಟರಿ ಬೇಡದ ಯಂತ್ರವೆಂದು ನನಗೂ ಅದರ ಮೇಲೆ ಗೌರವ ಬಂತು. ಉದ್ದನೆಯ ಸ್ಟೀಲ್ ಲೋಟದಲ್ಲಿ ಬಣ್ಣ ಹುಯ್ದು, ಅವತ್ತು ಹಾಕಿದಷ್ಟೇ ನೀರು ಹಾಕು ಎಂದು ಮೇಸ್ತ್ರಿಗೆ ಹೇಳಿದೆವು. ಮೇಸ್ತ್ರಿ ಕಣ್ಣಳತೆಯಲ್ಲೇ ಹಾಕಿ, ಕಡ್ಡಿಯಿಂದ ಕಲಕಿ, ಹಿಂದೆ ಸರಿದರು. ಸೆಕ್ರೆಟರಿ ಮೀಟರನ್ನು ಮೆಲ್ಲಗೆ ಇಳಿಬಿಟ್ಟರು. ಅದು ಇಳಿಯಲಿಲ್ಲ. ಬಣ್ಣ ಹಾಲಿಗಿಂತ ಎಷ್ಟೋ ಭಾರ, ಅಷ್ಟು ನೀರು ಹಾಕಿದ ಮೇಲೂ. ಕಡ್ಡಿ ಅಳತೆಯ ಗೆರೆಯ ತನಕವೂ ಮುಳುಗದೆ ಮೇಲೆದ್ದು, ಲೋಟದ ಅಂಚಿಗೆ ವಾಲಿಕೊಂಡು ಒರಗಿತು.

ಸೆಕ್ರೆಟರಿ ಅದನ್ನು ಎತ್ತಿ ಒರೆಸಿದರು. ಮತ್ತೆ ಇಳಿಬಿಟ್ಟರು. ಮತ್ತೆ ವಾಲಿತು.

“ಇಷ್ಟ್ ಡಿಗ್ರಿ ನಮ್ ಡೈರೀಲಿ ಯಾವ ಎಮ್ಮೇನೂ ಕೊಟ್ಟಿಲ್ಲ,” ಎಂದರು ಕೊನೆಗೆ.

ಮೇಸ್ತ್ರಿ ನಗಲಿಲ್ಲ. ನಾನೂ ನಗಲಿಲ್ಲ. ಈ ವೃತ್ತಿಯಲ್ಲಿ ನಗು ಬಸ್ಸು ಹತ್ತಿದ ಮೇಲೆ. ನೀರಿನ ಆರೋಪ ಅಲ್ಲಿಗೆ ಬಿದ್ದಿತು ಎಂದುಕೊಂಡು ನಾನು ಗೋಡೆಯ ಮುಂದೆ ಮಂಡಿಯೂರಿದೆ. ಮಂಡಿ ತನ್ನ ಅಭಿಪ್ರಾಯ ಹೇಳಿತು. ಒಂದು ದೊಡ್ಡ ಗುಳ್ಳೆ ಆರಿಸಿ ಕೊಯ್ದೆ. ಒಳಗೆ ಒದ್ದೆಯಿತ್ತು, ಪೊರೆಯ ಹಿಂಭಾಗಕ್ಕೆ ಬಿಳಿ ಹರಳಿನಂಥ ಪುಡಿ ಅಂಟಿತ್ತು. ಬೆರಳಿಗೆ ತಗೊಂಡು ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಅನುಮಾನವಿಲ್ಲದ, ಅಡುಗೆಮನೆಯ ಉಪ್ಪು. ನನ್ನ ಸೇವಾವಧಿಯಲ್ಲಿ ಅಷ್ಟು ರುಚಿಯಾದ ಗೋಡೆ ನಾನು ಕಂಡಿರಲಿಲ್ಲ.

ಉಪ್ಪಿದೆ ಎಂದೆ. ಹಾಗೆ ಹೇಳಿದ್ದು ನನ್ನ ತಪ್ಪು. ಕಾರಣ ಪೂರ್ತಿ ಗೊತ್ತಾಗುವ ಮೊದಲು ಬಾಯಿ ಬಿಡಬಾರದೆಂಬುದು ನನಗೆ ಗೊತ್ತಿತ್ತು. ಅದು ಎಲ್ಲಿಂದ ಬಂತು ಎಂದು ಸೆಕ್ರೆಟರಿ ಕೇಳಿದರು. ಗೊತ್ತಿಲ್ಲ, ಬಳಿಯುವ ಮೊದಲು ಗೋಡೆಗೆ ಏನೇನು ಮಾಡಿದಿರಿ ಎಂದು ನಾನು ಮೇಸ್ತ್ರಿಯನ್ನು ಕೇಳಿದೆ. ಮೇಸ್ತ್ರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ಹಳೇ ಸುಣ್ಣ ಎಲ್ಲ ಕೆರೆದೆ ಸಾರ್. ಆಮ್ಯಾಕೆ ಉಪ್ ಕಾಗ್ದ ಹಾಕಿ ಎರಡ್ ದಿನ ಉಜ್ಜಿದೆ.”

ಸೆಕ್ರೆಟರಿ ಕುರ್ಚಿಯಿಂದ ಎದ್ದುಬಿಟ್ಟರು.

“ನೋಡುದ್ರಾ ಸಾರ್? ಉಪ್ಪು ಎಲ್ಲಿಂದ ಬಂತು ಅಂತಿದ್ರಲ್ಲ. ಎರಡ್ ದಿನ ಉಪ್ ಕಾಗ್ದ ಉಜ್ಜಿದ್ರೆ ಗೋಡೆಗೆ ಉಪ್ ಹಿಡೀದೆ ಸಕ್ರೆ ಹಿಡೀತದಾ?”

ಮರಳು ಮೆತ್ತಿದ ಆ ಒರಟು ಕಾಗದಕ್ಕೆ ನಮ್ಮ ಹಿರಿಯರು ಉಪ್ಪುಕಾಗದ ಎಂದು ಯಾಕೆ ಹೆಸರಿಟ್ಟರೋ ಅವರೇ ಬಲ್ಲರು. ನೋಡಲು ಕಲ್ಲುಪ್ಪು ಅಂಟಿಸಿದ ಹಾಗೆ ಕಾಣುತ್ತದೆಂದಿರಬೇಕು. ಆ ಕಾಗದ ಯಾವ ಕಾಲಕ್ಕೂ ಉಪ್ಪು ಕಂಡದ್ದಲ್ಲ. ಹಾಗೆಂದು ಹೇಳಿದೆ. ಹೆಸರಲ್ಲೇ ಇದೆಯಲ್ಲ ಎಂದರು. ಬೆಂಡೆಕಾಯಿಯೊಳಗೆ ಬೆಂಡು ಇದೆಯೇ ಎಂದೆ. ಅದು ತರಕಾರಿಯ ಮಾತು, ಇದು ಗೋಡೆಯ ಮಾತು ಎಂದರು. ಮೇಸ್ತ್ರಿಯ ಮುಖ ನೋಡಿದೆ. ಆ ಮನುಷ್ಯ ಎರಡು ಸಲ ಸತ್ಯ ಹೇಳಿದ್ದರು, ಎರಡು ಸಲವೂ ಸಿಕ್ಕಿಬಿದ್ದಿದ್ದರು. ಸುಳ್ಳು ಹೇಳುವ ಅಭ್ಯಾಸವಿದ್ದಿದ್ದರೆ ಇಷ್ಟು ಹೊತ್ತಿಗೆ ಸಮುದಾಯ ಭವನದ ಅರ್ಧ ಗೋಡೆ ಮುಗಿಸಿರುತ್ತಿದ್ದರು.

ನನಗೆ ಆಯಾಸವಾಗಿತ್ತು. ವಾದ ಮಾಡುವ ಶಕ್ತಿ ಇಲ್ಲದಾಗ ಮನುಷ್ಯ ಪ್ರಯೋಗಕ್ಕೆ ಇಳಿಯುತ್ತಾನೆ. ಮೇಸ್ತ್ರಿಯ ಚೀಲದಿಂದ ಒಂದು ಹೊಸ ಉಪ್ಪುಕಾಗದ ತೆಗೆಸಿದೆ. ಇಬ್ಬರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನ ಗಾಂಭೀರ್ಯದಿಂದ, ಒಂದು ಮೂಲೆಯನ್ನು ನೆಕ್ಕಿದೆ. ಅದರ ರುಚಿ ಎಲ್ಲೂ ದಾಖಲಾಗಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತೇನೆ: ಮೊದಲು ಗೋಂದು, ಆಮೇಲೆ ಮರಳು, ಕೊನೆಯಲ್ಲಿ ಮೇಸ್ತ್ರಿಯ ಬೀಡಿ. ಉಪ್ಪಿಲ್ಲ ಎಂದೆ. ಬೇರೆಯವರ ನಾಲಿಗೆಯನ್ನು ನಂಬಿ ಡೈರಿ ನಡೆಸಲು ಆಗುವುದಿಲ್ಲ. ಸೆಕ್ರೆಟರಿ ಕಾಗದ ಇಸಿದುಕೊಂಡು, ಇನ್ನೊಂದು ಮೂಲೆಯನ್ನು ತಾವೇ ನೆಕ್ಕಿದರು. ಕಣ್ಣು ಮುಚ್ಚಿಕೊಂಡು ಯೋಚಿಸಿದರು. ಇನ್ನೊಮ್ಮೆ ನೆಕ್ಕಿದರು.

ಆ ಹೊತ್ತಿಗೆ ಸರಿಯಾಗಿ ಅವರ ತಾಯಿ ತಟ್ಟೆಯಲ್ಲಿ ಮೂರು ಲೋಟ ಮಜ್ಜಿಗೆ ಇಟ್ಟುಕೊಂಡು ಒಳಗಿನಿಂದ ಬಂದರು. ಎಂಬತ್ತರ ಹತ್ತಿರದ, ಬೆನ್ನು ನೆಟ್ಟಗಿದ್ದ ಹೆಂಗಸು.

“ಏನ್ಲಾ, ಮಜ್ಗೆ ತರಾದ್ರೊಳ್ಗೆ ಕಾಗ್ದ ತಿಂತಾ ಕುಂತಿದೀಯಾ?”

ಸೆಕ್ರೆಟರಿ ಕಾಗದವನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಗೋಡೆಯಲ್ಲಿ ಉಪ್ಪಿದೆ, ಅದು ಎಲ್ಲಿಯದು ಎಂದು ನೋಡುತ್ತಿದ್ದೇವೆ ಎಂದು ನಾನೇ ವಿವರಿಸಿದೆ. ಆಕೆ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಇದೂ ಒಂದು ಕೇಳುವ ಮಾತೇ ಎನ್ನುವ ಹಾಗೆ ನನ್ನನ್ನು ನೋಡಿದರು.

“ಇರ್ದೆ ಏನಪ್ಪಾ? ಮದ್ವೆಯಾಗಿ ಬಂದ ವರ್ಸದಿಂದ ನಾನೇ ಹಾಕಿವ್ನಿ. ಸುಣ್ಣಕ್ಕೆ ಉಪ್ ಹಾಕ್ದಿದ್ರೆ ಗೋಡೆ ಹಿಡೀತದಾ? ಕುಂತೋರ ಬೆನ್ನಿಗೆಲ್ಲ ಮೆತ್ಕಂತದೆ.”

ಆಮೇಲೆ ಆಕೆ ಸಾವಧಾನವಾಗಿ ಹೇಳಿದರು. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಗುಡಾಣದಲ್ಲಿ ಸುಣ್ಣದ ಕಲ್ಲು ನೆನೆಹಾಕಿ, ಅದು ಕೊತಕೊತ ಕುದ್ದು ಅರಳಿದ ಮೇಲೆ ಸೋಸಿ, ಕಲ್ಲುಪ್ಪು ಕರಗಿಸಿ ಹಾಕುವುದು. ಬೇರೆಯವರು ಒಂದು ಹಿಡಿ ಹಾಕುತ್ತಿದ್ದರು, ಈಕೆ ಎರಡು ಬೊಗಸೆ. ಅದಕ್ಕೇ ತಮ್ಮ ಮನೆಯ ಗೋಡೆಗೆ ಒರಗಿದವರ ಅಂಗಿಗೆ ಯಾವತ್ತೂ ಸುಣ್ಣ ಅಂಟಿದ್ದಿಲ್ಲ. ಈ ಪಡುವಣ ಗೋಡೆಗೆ ಜನ ಒರಗುವುದು ಹೆಚ್ಚು ಎಂದು ಇದಕ್ಕೆ ಇನ್ನೂ ಅರ್ಧ ಬೊಗಸೆ. ಆ ಗೋಡೆಯ ಬಗ್ಗೆ ಆಕೆ ಆಡಿದ ಧಾಟಿ, ಓದಿಸಿ ದೊಡ್ಡವನನ್ನಾಗಿ ಮಾಡಿದ ಮಗನ ಬಗ್ಗೆ ಆಡುವ ಧಾಟಿ.

ಅಲ್ಲಿಗೆ ಎಲ್ಲ ತಿಳಿಯಿತು. ವರ್ಷ ವರ್ಷದ ಉಪ್ಪು ಗಾರೆಯೊಳಗೆ ಇಳಿದು ಕೂತಿತ್ತು. ಉಪ್ಪಿಗೆ ತೇವ ಎಳೆದುಕೊಳ್ಳುವ ಚಾಳಿ. ಸುಣ್ಣವಿದ್ದಾಗ ಮಳೆಗಾಲದಲ್ಲಿ ಎಳೆದುಕೊಂಡ ತೇವವನ್ನು ಬೇಸಿಗೆಯಲ್ಲಿ ಬಿಟ್ಟುಬಿಡುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಈ ಸಲ ಮೇಲೆ ಪೊರೆ ಬಿದ್ದಿತ್ತು. ಗೋಡೆಗೆ ಉಸಿರು ಕಟ್ಟಿತು, ಬೊಬ್ಬೆ ಹಾಕಿತು. ಮೇಲಿನ ಸುಣ್ಣ ಕೆರೆದರೆ, ಉಜ್ಜಿದರೆ ಹೋಗುವ ಉಪ್ಪಲ್ಲ ಅದು. ನಾಲ್ಕಾರು ಸಲ ನೀರಿನಲ್ಲಿ ತೊಳೆದು ಒಣಗಿಸಬೇಕಿತ್ತು. ಇಲ್ಲವೇ ಗೋಡೆಯನ್ನು ಸುಣ್ಣಕ್ಕೇ ಬಿಡಬೇಕಿತ್ತು.

ಮೇಸ್ತ್ರಿ ಅಲ್ಲಿಯೂ ತಮ್ಮ ಸ್ವಭಾವ ಬಿಡಲಿಲ್ಲ. “ನಾನೂವೆ ಅವ್ವನ್ನ ಒಂದ್ ಮಾತು ಕೇಳ್ಬೇಕಿತ್ತು ಸಾರ್,” ಎಂದರು. ಮೂರನೇ ಸಲ ತಾವಾಗಿಯೇ ಸಿಕ್ಕಿಕೊಳ್ಳುತ್ತಿದ್ದಾರಲ್ಲ ಎಂದು ನಾನು ಬೇಗ ಮಾತು ಬದಲಿಸಿದೆ.

ತಾಯಿಯ ತೀರ್ಪು ಬೇರೆಯೇ ಆಗಿತ್ತು. ಎರಡೂವರೆ ಬೊಗಸೆ ಉಪ್ಪು ತಡೆಯದ ಬಣ್ಣ ಎಂಥ ಬಣ್ಣ ಎಂದು ಕೇಳಿ, ನನ್ನ ಕಂಪನಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಮಜ್ಜಿಗೆ ಕುಡಿಯಲು ಹೇಳಿ ಒಳಗೆ ಹೋದರು. ಮಜ್ಜಿಗೆಗೆ ಉಪ್ಪು ಸ್ವಲ್ಪ ಮುಂದಾಗಿತ್ತು. ಮೂವರೂ ಪೂರ್ತಿ ಕುಡಿದೆವು.

ಸೆಕ್ರೆಟರಿ ನನ್ನನ್ನು ಕೊಟ್ಟಿಗೆಯ ಪಕ್ಕಕ್ಕೆ ಕರೆದುಕೊಂಡು ಹೋದರು. ಕಾರಣ ಏನು ಬೇಕಾದರೂ ಬರೆಯಿರಿ, ಅವ್ವನ ಹೆಸರು ಮಾತ್ರ ಬರೆಯಬೇಡಿ ಎಂದರು. ಫಾರಂನಲ್ಲಿ ತಾಯಂದಿರ ದೋಷ ಎಂಬ ಮನೆಯೇ ಇಲ್ಲ ಎಂದು ಅವರಿಗೆ ಧೈರ್ಯ ಹೇಳಿದೆ. ಗೋಡೆಯ ದೋಷ ಎಂಬಲ್ಲಿ ಗುರುತು ಹಾಕಿ, ಗೋಡೆಯಲ್ಲಿ ಹಳೆಯ ಸುಣ್ಣದ ಲವಣಾಂಶವಿದೆ, ಬಣ್ಣ ಬಳಿದವರದು ತಪ್ಪಿಲ್ಲ, ನೀರು ಬೆರೆಸಿದ ಪ್ರಮಾಣ ಸರಿಯಾಗಿದೆ ಎಂದು ಬರೆದೆ. ಮೊದಲ ಬಾರಿಗೆ ನಿಜಕ್ಕೂ ಗೋಡೆಯದೇ ದೋಷವಾಗಿದ್ದರಿಂದ ಗುರುತನ್ನು ಇನ್ನೊಮ್ಮೆ ಒತ್ತಿ ಹಾಕಿದೆ.

ಮೇಸ್ತ್ರಿ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಫೋನಿನಲ್ಲಿ ಫೋಟೋ ಹಿಡಿದುಕೊಂಡರು. ಆಮೇಲೆ ಸೆಕ್ರೆಟರಿಯ ಕಡೆ ತಿರುಗಿ, ಭಾನುವಾರ ಸಭೆಯಲ್ಲಿ ನೀರು ಹಾಕಿಲ್ಲ ಅಂತ ಒಂದು ಮಾತು ಹೇಳಿಬಿಡಿ ಎಂದು ಕೇಳಿಕೊಂಡರು. ಸೆಕ್ರೆಟರಿ ಕೆಟ್ಟ ಮನುಷ್ಯನಲ್ಲ. ಅದೇ ತೊಂದರೆಯಾದದ್ದು.

“ಹಾಕಿಲ್ಲ ಅಂತ ಹೆಂಗ್ ಹೇಳ್ಳಿ ಮೇಸ್ತ್ರಿ? ನನ್ ಕಣ್ ಮುಂದೇನೇ ಹಾಕಿದೀಯ. ಹಾಕವ್ನೆ, ಆದ್ರೆ ಅದು ತಪ್ಪಲ್ಲ ಅಂತ ಹೇಳ್ತೀನಿ. ನಾನ್ ಸುಳ್ ಹೇಳೋನಲ್ಲ.”

ಸತ್ಯವಂತರಿಬ್ಬರ ನಡುವೆ ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮೇಸ್ತ್ರಿ ನನ್ನ ಪಕ್ಕದಲ್ಲೇ ಕೂತರು. ಗುಬ್ಬಿ ಹತ್ತಿರವಾದಾಗ, ಭಾನುವಾರ ನೀವೇ ಒಂದು ಗಳಿಗೆ ಬಂದು ಸಭೆಯಲ್ಲಿ ಬಿಡಿಸಿ ಹೇಳಿದರೆ ಚೆನ್ನಾಗಿತ್ತು ಎಂದರು. ಸೆಕ್ರೆಟರಿಯ ಮಾತು ಕಮಿಟಿಯವರಿಗೆ ತಲೆಗೆ ಹತ್ತುವುದೋ ಇಲ್ಲವೋ, ಕಂಪನಿಯ ಮನುಷ್ಯ ನಿಂತು ಹೇಳಿದರೆ ತೂಕ ಬೇರೆ ಎಂದರು. ನೋಡೋಣ ಎಂದೆ. ಅವರು ಅದನ್ನು ಬರುತ್ತೇನೆ ಎಂದು ತಿಳಿದುಕೊಂಡಂತೆ ಕಂಡಿತು. ತಿದ್ದಲು ಹೋಗಲಿಲ್ಲ.

ಭಾನುವಾರ ನಾನು ಹೋಗಲಿಲ್ಲ. ಮಂಡಿನೋವು ಎಂದು ಬರೆದರೆ ಓದುವವರು ಒಪ್ಪುತ್ತಾರೆ, ಆದರೆ ಅವತ್ತು ನೋವು ಅಷ್ಟೇನೂ ಇರಲಿಲ್ಲ. ಬೆಳಿಗ್ಗೆ ಎದ್ದೆ, ತಿಂಡಿ ತಿಂದೆ, ಅಂಗಿ ಹಾಕಿಕೊಂಡೆ. ನಮ್ಮ ಮನೆಯಿರುವ ಮರಳೂರಿನಿಂದ ತುಮಕೂರು ಬಸ್ ಸ್ಟ್ಯಾಂಡು, ಅಲ್ಲಿಂದ ಗುಬ್ಬಿ, ಗುಬ್ಬಿಯಿಂದ ಇನ್ನೊಂದು ಬಸ್ಸು, ಮತ್ತೆ ಅದೇ ನೀರು, ಅದೇ ಉಪ್ಪು ಎಂದು ಲೆಕ್ಕ ಹಾಕಿದೆ. ವರದಿ ಬರೆದುಕೊಟ್ಟಿದ್ದೇನಲ್ಲ, ಬರೆದದ್ದು ಸಾಕು ಎಂದುಕೊಂಡೆ. ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿದೆ. ಮಧ್ಯಾಹ್ನ ಮೇಸ್ತ್ರಿಯ ಫೋನು ಎರಡು ಸಲ ಬಂತು. ಸಂಜೆ ಮಾಡೋಣ ಎಂದು ಬಿಟ್ಟೆ.

ಸಭೆಯಲ್ಲಿ ಆದದ್ದನ್ನು ಮುಂದೆ ಮೇಸ್ತ್ರಿಯೇ ಹೇಳಿದರು, ನನ್ನ ಮೇಲೆ ಒಂದು ಮಾತೂ ಆಡದೆ. ಸೆಕ್ರೆಟರಿ ಕೊಟ್ಟ ಮಾತಿನಂತೆ ಎದ್ದು ನಿಂತರಂತೆ. ಮೇಸ್ತ್ರಿ ಬಣ್ಣಕ್ಕೆ ನೀರು ಹಾಕಿದ್ದು ನಿಜ, ನಾನು ಕಣ್ಣಾರೆ ನೋಡಿದ್ದೇನೆ ಎಂದು ಶುರು ಮಾಡಿದರಂತೆ. ಆದರೆ ಎಂಬ ಪದಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಎದ್ದು, ಸೆಕ್ರೆಟರಿಗಳೇ ಹೇಳಿದ ಮೇಲೆ ಇನ್ನೇನು ಎಂದರಂತೆ. ನೀರು ಹಿಡಿಯುವುದರಲ್ಲಿ ಆ ಊರಿನಲ್ಲಿ ಅವರ ಮಾತೇ ಕಡೆಯ ಮಾತು. ಮೇಸ್ತ್ರಿ ಫೋನು ತೆಗೆದು ನನ್ನ ವರದಿಯ ಫೋಟೋ ತೋರಿಸಿದರು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬರು ಅದನ್ನು ದೊಡ್ಡದು ಮಾಡಿ, ‘ನೀರು ಬೆರೆಸಿದ’ ಎಂಬಷ್ಟನ್ನು ಗಟ್ಟಿಯಾಗಿ ಓದಿದರು. ಕಂಪನಿಯವರೂ ಬರೆದುಕೊಟ್ಟಿದ್ದಾರಲ್ಲ ಎಂದರು. ಲವಣಾಂಶ ಎಂದರೇನೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅವ್ವನ ಉಪ್ಪಿನ ವಿಷಯ ಸೆಕ್ರೆಟರಿಯೂ ಎತ್ತಲಿಲ್ಲ, ಮೇಸ್ತ್ರಿಯೂ ಎತ್ತಲಿಲ್ಲ.

ಸಮುದಾಯ ಭವನದ ಕೆಲಸ ಕುಣಿಗಲ್ಲಿನ ಒಂದು ತಂಡಕ್ಕೆ ಹೋಯಿತು. ಮೇಸ್ತ್ರಿ ಗೋಡೆಯ ಕೆಲಸ ಬಿಟ್ಟು ಈಗ ಗುಬ್ಬಿಯಲ್ಲಿ ಕಬ್ಬಿಣದ ಗೇಟುಗಳಿಗೆ, ಕಿಟಕಿಯ ಸರಳುಗಳಿಗೆ ಮಾತ್ರ ಬಣ್ಣ ಬಳಿಯುತ್ತಾರೆ. ಆ ಬಣ್ಣಕ್ಕೆ ಬೆರೆಸುವುದು ನೀರಲ್ಲ, ಟರ್ಪೆಂಟೈನ್.